ಅನುಮಾನದ ಗಿರಾಕಿ

ಅದೇ ಅಂಗಡಿಯ ಮೆಟ್ಟಿಲನ್ನು ಒಂದೇ ವಾರದಲ್ಲಿ ಮೂರನೆಯ ಸಲ ಹತ್ತುವಾಗ ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು. ಸೋಮವಾರ ಬಂದು ನೋಡಿದ್ದಾಯಿತು, ಮಂಗಳವಾರ ಬಂದು ಮುಟ್ಟಿದ್ದಾಯಿತು, ಇವತ್ತು ಗುರುವಾರ, ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚದೆ ಮತ್ತೆ ಓಡಿ ಬಂದಿದ್ದಾಳೆ. ಕೊಳ್ಳುವವಳಾದರೆ ಕೊಂಡು ಹೋಗಬೇಕು, ಒಲ್ಲದವಳಾದರೆ ಒಲ್ಲೆ ಎಂದು ಹೇಳಿ ಮನೆಯ ದಾರಿ ಹಿಡಿಯಬೇಕು. ಐವತ್ತೆರಡು ವರ್ಷದ ಹೆಂಗಸು, ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳನ್ನು ರಿಪೇರಿ ಮಾಡುವ ವಿಭಾಗಕ್ಕೆ ಮುಖ್ಯಸ್ಥೆ, ಕಾಗದದ ವಿಷಯದಲ್ಲಿ ನಾಲ್ಕು ಜನಕ್ಕೆ ಬುದ್ಧಿ ಹೇಳುವವಳು, ಒಂದು ಯಂತ್ರದ ಮುಂದೆ ಹೀಗೆ ಮೀನ ಮೇಷ ಎಣಿಸುತ್ತ ನಿಲ್ಲುವುದೆಂದರೇನು! ಯಂತ್ರವಾದರೂ ಎಷ್ಟು ದೊಡ್ಡದು? ಹಳೆಯ ಕಾಲದ ರೇಡಿಯೋದಷ್ಟಿದೆ. ನಡುವೆ ಎರಡು ಉರುಳೆ, ಪಕ್ಕದಲ್ಲೊಂದು ಹಿಡಿ. ಎಸಳಿನ ಆಕಾರದ ಹರಿತವಾದ ಉಕ್ಕಿನ ಅಚ್ಚಿನ ಮೇಲೆ ಕಾಗದವಿಟ್ಟು, ಎರಡು ದಪ್ಪ ಹಲಗೆಗಳ ನಡುವೆ ಸೇರಿಸಿ, ಉರುಳೆಗಳ ಬಾಯಿಗೆ ಕೊಟ್ಟು ಹಿಡಿ ತಿರುಗಿಸಿದರೆ ಆಚೆ ಕಡೆಯಿಂದ ಎಸಳು ಕತ್ತರಿಸಿಕೊಂಡು ಬರುತ್ತದೆ, ಕಬ್ಬಿನ ಜಲ್ಲೆ ಹಿಂಡಿಸಿಕೊಂಡು ಬಂದ ಹಾಗೆ. ಸಾವಿರ ಸಲ ತಿರುಗಿಸಿದರೂ ಸಾವಿರ ಎಸಳೂ ಒಂದರಂತೆ ಒಂದು. ದುಡ್ಡಿನ ತೊಡಕು ಇರಲಿಲ್ಲ. "ಅದೇನು ಆನೆಯೇನೇ, ತಗೊಂಡ್ಬಿಡು ಅತ್ಲಾಗೆ" ಎಂದು ಗಂಡ ಮೊನ್ನೆಯೇ ಹೇಳಿ ಕೈ ತೊಳೆದುಕೊಂಡಿದ್ದ.

"ಬನ್ನಿ ಮೇಡಂ, ನಿಮ್ಮ ದಾರಿನೇ ಕಾಯ್ತಾ ಕೂತಿದೆ ಇದು," ಎಂದು ಅಂಗಡಿಯವಳು ಕನ್ನಡಕವನ್ನು ತಲೆಯ ಮೇಲೇರಿಸಿದಳು. ಅದರಲ್ಲಿ ತಮಾಷೆಯಿತ್ತೋ ತಾತ್ಸಾರವಿತ್ತೋ ತಿಳಿಯದೆ ಅವಳು ಎರಡಕ್ಕೂ ಸಲ್ಲುವಂತೆ ಸಣ್ಣದಾಗಿ ನಕ್ಕಳು. ಬಣ್ಣದ ಕಾಗದ, ಅಂಟು, ರಿಬ್ಬನ್ನು ಮಾರುವ ಆ ಇಕ್ಕಟ್ಟಾದ ಅಂಗಡಿಯಲ್ಲಿ ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಒರಗಬೇಕು. "ಇನ್ನೊಂದೇ ಪೀಸ್ ಉಳಿದಿರೋದು. ಭಾನುವಾರ ಮಧ್ಯಾಹ್ನದ ತನಕ ನಿಮಗೇಂತ ಎತ್ತಿಟ್ಟಿರ್ತೀನಿ, ಆಮೇಲೆ ನನ್ನ ಬೈಬೇಡಿ ಅಷ್ಟೆ. ಅಲ್ಲಾ, ಇಷ್ಟು ದಿನ ಕೈಯಲ್ಲೇ ಕತ್ತರಿಸ್ತಿದ್ರಾ?"

"ನಾನಲ್ಲ, ನಮ್ಮಕ್ಕ."

ಆ ಮಾತು ಬಾಯಿಂದ ಬಿದ್ದದ್ದೇ ತಡ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವಳ ಕೈ ಹೆಗಲ ಚೀಲವನ್ನು ಅವುಚಿಕೊಂಡಿತು. ಚೀಲದೊಳಗೆ ಒಂದು ಕಂದು ಲಕೋಟೆ, ಲಕೋಟೆಯಲ್ಲಿ ಹೋದ ಭಾನುವಾರ ಅಕ್ಕ ಕತ್ತರಿಸಿಕೊಟ್ಟ ಎಸಳುಗಳು. ಹನ್ನೊಂದು ವರ್ಷದಿಂದ ನಡೆದು ಬಂದ ಭಾನುವಾರಗಳು ಅವು. ಅಕ್ಕ ಅವಳಿಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು, ಹೊಲಿಗೆ ಅಂಗಡಿ ನಡೆಸಿದವಳು. ಮಂಡಿ ನೋವು ಬಂದು ಅಂಗಡಿ ಮುಚ್ಚಿದ ವಾರವೇ ಎರಡು ಬಸ್ಸು ಬದಲಾಯಿಸಿ ತಂಗಿಯ ಮನೆಗೆ ಬಂದು, ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತು, "ಸುಮ್ನೆ ಕೂತ್ರೆ ಕೈ ತುರಿಸತ್ತೆ, ಏನಾದ್ರೂ ಕೊಡೇ" ಅಂದಿದ್ದಳು. ಕಾಗದದ ಹೂ ಮಾಡಿ ಕಾರ್ಡುಗಳಿಗೆ ಅಂಟಿಸುವುದು ಆಗ ತಂಗಿಯ ಹೊಸ ಹುಚ್ಚು. ಇವಳು ಪೆನ್ಸಿಲಿನಲ್ಲಿ ಗೆರೆ ಹಾಕುವುದು, ಅಕ್ಕ ತನ್ನ ಉದ್ದನೆಯ ಹೊಲಿಗೆ ಕತ್ತರಿಯಲ್ಲಿ ಕತ್ತರಿಸುವುದು, ಇವಳು ಎಸಳನ್ನು ಪೆನ್ನಿಗೆ ಸುತ್ತಿ ಬಾಗಿಸಿ ಅಂಟಿಸುವುದು. ಯಾರಿಗೋ ಮಗು ಹುಟ್ಟಿತು, ಯಾರೋ ನಿವೃತ್ತರಾದರು, ಯಾರೋ ಆಸ್ಪತ್ರೆಯಲ್ಲಿ ಮಲಗಿದರು, ಎಲ್ಲರಿಗೂ ಈ ಮನೆಯಿಂದ ಒಂದು ಹೂವಿನ ಕಾರ್ಡು. ಹತ್ತು ವರ್ಷ ಅಕ್ಕನ ಕತ್ತರಿ ಗೆರೆ ತಪ್ಪಿದ್ದಿಲ್ಲ. ಯಾವ ವಾರದಿಂದ ಶುರುವಾಯಿತೋ ಅವಳಿಗೆ ನೆನಪಿಲ್ಲ, ಒಂದು ವರ್ಷದಿಂದ ಅಕ್ಕ ಗೆರೆಯ ಹೊರಗೆ ಕತ್ತರಿಸತೊಡಗಿದ್ದಳು. ಮೊದಮೊದಲು ಕೂದಲೆಳೆಯಷ್ಟು, ಈಗೀಗ ಒಂದು ನೂಲಿನಷ್ಟು. ಎಸಳಿನೊಳಗೆ ಎಸಳು ಕೂರದೆ ಹೂವು ಎಲೆಕೋಸಿನ ಹಾಗೆ ಊದಿಕೊಳ್ಳುತ್ತಿತ್ತು. ಕಣ್ಣು ಸೋತಿರಬೇಕು, ಕೈ ನಡುಗುತ್ತಿರಬೇಕು, ಪಾಪ. ಹೇಳುವುದು ಹೇಗೆ? ಪ್ರತಿ ಸೋಮವಾರ ಸಂಜೆ, ವಿಭಾಗದವರೆಲ್ಲ ಹೋದ ಮೇಲೆ, ರಿಪೇರಿ ಮೇಜಿನ ದೀಪದ ಕೆಳಗೆ ಕೂತು ಅವಳು ಒಂದೊಂದೇ ಎಸಳನ್ನು ಗೆರೆಗೆ ಸರಿಯಾಗಿ ಮತ್ತೆ ಕತ್ತರಿಸುತ್ತಿದ್ದಳು. ಕಸ ಗುಡಿಸುವವಳ ಕಣ್ಣಿಗೂ ಬೀಳಬಾರದೆಂದು ಚೂರುಗಳನ್ನು ಚೀಲಕ್ಕೆ ತುಂಬಿಕೊಂಡು ಬಂದು ಎಲ್ಲೋ ದಾರಿಯ ಡಬ್ಬಿಗೆ ಹಾಕುತ್ತಿದ್ದಳು. ವರ್ಷದ ಐವತ್ತೆರಡು ಸೋಮವಾರ ಕಳ್ಳತನ ಮಾಡಿದವಳಿಗೂ ಅವಳಿಗೂ ಏನು ವ್ಯತ್ಯಾಸ?

"ಅವ್ರು ಕತ್ತರಿಸಿದ ಎಸಳಿದ್ರೆ ಕೊಡಿ, ಯಾವ ಅಚ್ಚು ಸರಿಹೋಗುತ್ತೆ ನೋಡೇಬಿಡೋಣ," ಎಂದಳು ಅಂಗಡಿಯವಳು. ಕೊಡದೆ ಗತ್ಯಂತರವಿರಲಿಲ್ಲ. ಈ ಸೋಮವಾರ ಅಂಗಡಿಗೆ ಓಡಿ ಬಂದದ್ದರಲ್ಲಿ ಸವರದೆ ಉಳಿದಿದ್ದ ಐದು ಎಸಳು ಲಕೋಟೆಯಿಂದ ಗಾಜಿನ ಮೇಜಿನ ಮೇಲೆ ಬಿದ್ದವು. ಅಕ್ಕನನ್ನೇ ಜನರೆದುರು ಕೂರಿಸಿ ಪರೀಕ್ಷೆಗೆ ಒಡ್ಡಿದಂತಾಗಿ ಅವಳ ಕಿವಿ ಬಿಸಿಯಾಯಿತು. ಅಂಗಡಿಯವಳು ಹಿಡಿ ತಿರುಗಿಸಿದಳು, ಯಂತ್ರ ಕಟಕ್ಕೆಂದು ಒಂದು ಎಸಳನ್ನು ಉಗುಳಿತು, ಅದನ್ನು ಅಕ್ಕನ ಎಸಳಿನ ಮೇಲಿಟ್ಟು ಬೆಳಕಿಗೆ ಹಿಡಿದಳು. ನಗುತ್ತಾಳೆ, ಈಗ ನಗುತ್ತಾಳೆ ಎಂದು ಕಾದರೆ ಅವಳು ನಗಲಿಲ್ಲ. "ಇದನ್ನ ನಿಮ್ಮಕ್ಕನೇ ಕತ್ತರಿಸಿದ್ದಾ ಮೇಡಂ? ನೋಡಿ ಇಲ್ಲಿ, ಪೆನ್ಸಿಲ್ ಗೆರೆ ಸುತ್ತಲೂ ಒಂದೇ ಸಮ ಬಿಟ್ಟಿದಾರೆ. ಒಂದು ಕಡೆ ಜಾಸ್ತಿ ಇಲ್ಲ, ಒಂದು ಕಡೆ ಕಮ್ಮಿ ಇಲ್ಲ. ಬೇಕೂಂತ್ಲೇ ಬಿಟ್ಟಿರೋದು ಇದು. ಹೊಲಿಗೆಯೋರಾ?"

"ಹೂಂ, ಟೈಲರ್," ಅಂದುಬಿಟ್ಟು ಅವಳು ನಾಲಿಗೆ ಕಚ್ಚಿಕೊಂಡಳು. ಅದೇ ಮಾತು, ಮೂವತ್ತೈದು ವರ್ಷದ ಹಿಂದೆ, ಕಾಲೇಜಿನ ಗೇಟಿನ ಬಳಿ. ಅಕ್ಕ ಬೆಳಗಿನ ಜಾವ ಎದ್ದು ಹೊಲಿದ ಹೊಸ ಬಟ್ಟೆಯನ್ನು ಕಾಗದದಲ್ಲಿ ಸುತ್ತಿಕೊಂಡು ಬಿಸಿಲಲ್ಲಿ ನಡೆದು ಬಂದಿದ್ದಳು. ಕೊರಳಿಗೆ ಅಳತೆ ಟೇಪು ಹಾಗೇ ಜೋತು ಬಿದ್ದಿತ್ತು, ಸೆರಗಿಗೆ ದಾರದ ತುಂಡು ಅಂಟಿತ್ತು. "ಯಾರೇ ಅದು?" ಎಂದು ಜೊತೆಯ ಹುಡುಗಿ ಕೇಳಿದಳು. ತಡವರಿಸಲೂ ಇಲ್ಲ ಇವಳು, ಪಟ್ಟನೆ "ನಮ್ಮ ಟೈಲರ್" ಅಂದಳು. ಅಕ್ಕನಿಗೆ ಕೇಳಿಸಿತು. ಅಕ್ಕ ಒಂದು ಗಳಿಗೆ ಇವಳ ಮುಖ ನೋಡಿ, ಪೊಟ್ಟಣ ಕೈಗಿಟ್ಟು, ಹೊರಗಿನ ಗಿರಾಕಿಗೆ ಹೇಳುವ ಹಾಗೆ ಮರ್ಯಾದೆಯಿಂದ, "ಅಳತೆ ಸರಿ ಇದೆಯಾ ನೋಡ್ಕೊಳ್ಳಿ" ಎಂದು ಹೇಳಿ ತಿರುಗಿ ನಡೆದಳು. ಆ ಸಂಜೆ ಮನೆಯಲ್ಲಿ ಅಕ್ಕ ಅದರ ಮಾತೆತ್ತಲಿಲ್ಲ. ಮರುದಿನವೂ ಇಲ್ಲ, ಇವತ್ತಿನವರೆಗೂ ಇಲ್ಲ. ಎರಡು ಏಟು ಹಾಕಿದ್ದರೆ ಅಲ್ಲಿಗೆ ಮುಗಿದಿರುತ್ತಿತ್ತು. ಇವಳ ಕಾಲೇಜಿನ ಫೀಜೂ ಊಟವೂ ಅದೇ ಕತ್ತರಿಯಿಂದ ಬಂದಿತ್ತು ಎಂದು ಬೇರೆ ಹೇಳಬೇಕೆ, ಅಕ್ಕ ತಾನು ಕಾಲೇಜಿನ ಮುಖ ಕಂಡವಳಲ್ಲ, ಕಳಿಸಿದ್ದು ತಂಗಿಯನ್ನು. ಅಂಥವಳ ಮುಖಕ್ಕೆ ಹಿಡಿದು ನಿನ್ನ ಕತ್ತರಿ ಕೆಟ್ಟಿದೆ ಎಂದು ಯಾವ ಬಾಯಿಂದ ಹೇಳುವುದು?

ಗ್ರಂಥಾಲಯಕ್ಕೆ ಮರಳಿ ಬಂದು ಅರ್ಧ ರಿಪೇರಿಯಾದ ಒಂದು ಭೂಪಟದ ಪುಸ್ತಕವನ್ನು ಮುಂದಿಟ್ಟುಕೊಂಡು ಕೂತಳು. ಹರಿದ ಕಡೆಗೆ ತೆಳು ಕಾಗದ ಅಂಟಿಸಿ, ಒಣಗಲು ಬಿಟ್ಟು, ಒಣಗಿದ ಮೇಲೆ ಹೊರಗೆ ಚಾಚಿದ ಅಂಚನ್ನು ಕತ್ತರಿಸಿ ತೆಗೆಯುವುದು. ಇಪ್ಪತ್ತೆಂಟು ವರ್ಷದಿಂದ ಕೈ ತಾನೇ ತಾನಾಗಿ ಮಾಡುವ ಕೆಲಸ. ಇವತ್ತು ಕೈ ಓಡಲಿಲ್ಲ. ಬೇಕೂಂತ್ಲೇ ಬಿಟ್ಟಿರೋದು ಅಂದಳಲ್ಲ ಆ ಪುಣ್ಯಾತ್ಗಿತ್ತಿ! ಹಾಗಾದರೆ ಅಕ್ಕನ ಕಣ್ಣು ಚೆನ್ನಾಗಿದೆ, ಕೈ ಗಟ್ಟಿಯಾಗಿದೆ. ಒಂದು ಗಳಿಗೆ ಎಷ್ಟು ಖುಷಿಯಾಯಿತೋ ಮರುಗಳಿಗೆ ಅಷ್ಟೇ ದಿಗಿಲಾಯಿತು. ಹಾಗಾದರೆ ಕೆಟ್ಟದ್ದು ತಲೆಯೇ? ಕಾಗದಕ್ಕೆ ಹೊಲಿಗೆ ಹಾಕುವುದಿಲ್ಲ ಎಂಬುದನ್ನು ಮರೆತು, ಬಟ್ಟೆಗೆ ಬಿಟ್ಟ ಹಾಗೆ ಅಂಚು ಬಿಡುತ್ತಿದ್ದಾಳೆಯೇ? ಅರವತ್ತನಾಲ್ಕಕ್ಕೇ? ಯಂತ್ರ ಕೊಂಡರೆ ಇದೆಲ್ಲ ಕೇಳುವ ಹೇಳುವ ಗೋಜೇ ಇರುವುದಿಲ್ಲ, ಹಾವೂ ಸಾಯುತ್ತದೆ ಕೋಲೂ ಮುರಿಯುವುದಿಲ್ಲ ಎಂದು ಅವಳು ಸೋಮವಾರದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. 'ನೋಡಕ್ಕಾ, ಇವರು ತಂದುಬಿಟ್ಟಿದ್ದಾರೆ, ಬೇಡ ಅಂದರೂ ಕೇಳಲಿಲ್ಲ' ಎಂದು ಗಂಡನ ತಲೆಗೆ ಕಟ್ಟಿದರಾಯಿತು. ಆದರೆ ಆಮೇಲೆ ಭಾನುವಾರ ಅಕ್ಕ ಯಾಕೆ ಬರುತ್ತಾಳೆ? ಕೆಲಸವಿಲ್ಲದ ಮನೆಯಲ್ಲಿ ಹತ್ತು ನಿಮಿಷ ಕೂರುವ ಜಾಯಮಾನವಲ್ಲ ಅದು. ನೆಂಟರ ಮದುವೆಗೆ ಹೋದರೂ ಯಾರದಾದರೂ ಗುಂಡಿ ಹೊಲಿದುಕೊಟ್ಟೇ ಊಟಕ್ಕೆ ಕೂರುವವಳು. ಒಂದು ವಾರ ಬಂದು ಯಂತ್ರವನ್ನು ಹೊಗಳುತ್ತಾಳೆ, ಇನ್ನೊಂದು ವಾರ ಮಂಡಿ ನೋವು ಅನ್ನುತ್ತಾಳೆ, ಮೂರನೆಯ ವಾರದಿಂದ ಫೋನಿನಲ್ಲಿ ಹವಾಮಾನದ ಮಾತು. ಹಿಡಿ ಒಂದು ಸಲ ತಿರುಗಿಸಿದರೆ ಅಕ್ಕ ಈ ಮನೆಯಿಂದ ಹೊರಗೆ. ಅದಕ್ಕೇ ಅವಳಿಗೆ ಹೆದರಿಕೆ, ಮತ್ತೊಂದಕ್ಕಲ್ಲ. ಸರಿ, ಹೆದರಿಕೆಯೇ ಇದ್ದರೆ ಮೂರು ಸಲ ಅಂಗಡಿಗೆ ಯಾಕೆ ಹೋದೆ? ಆ ಪ್ರಶ್ನೆಯನ್ನು ಮಾತ್ರ ಅವಳು ಭೂಪಟದ ಪುಸ್ತಕದೊಳಗಿಟ್ಟು ಮುಚ್ಚಿದಳು.

"ಅಲ್ವೇ, ನಿಮ್ಮಕ್ಕಂಗೆ ನೇರವಾಗಿ ಹೇಳೋಕೇನು ರೋಗ ನಿಂಗೆ?" ಎಂದ ಗಂಡ ಆ ಸಂಜೆ, ಪತ್ರಿಕೆಯ ಹಿಂದಿನಿಂದ. ನೀರಿನ ಮೀಟರ್ ಓದುವ ಕೆಲಸದಿಂದ ನಿವೃತ್ತನಾದ ಮೇಲೆ ಅವನಿಗೆ ಓದಲು ಉಳಿದದ್ದು ಪತ್ರಿಕೆ ಮತ್ತು ಹೆಂಡತಿಯ ಮುಖ.

"ಏನು ಹೇಳ್ಬೇಕಿತ್ತಂತೆ?"

"ಅದೇ, ಸೋಮವಾರ ಸೋಮವಾರ ನೀನು ತಡವಾಗಿ ಬರೋದು ಯಾಕೆ ಅಂತ. ಮೂವತ್ತು ವರ್ಷ ಮನೆಮನೆ ತಿರುಗಿದೀನಿ ಕಣೇ, ಎಲ್ಲಿ ಸೋರ್ತಿದೆ ಅಂತ ಬಾಗ್ಲಲ್ಲೇ ಗೊತ್ತಾಗುತ್ತೆ ನಂಗೆ."

"ನೀವು ಸುಮ್ನಿರ್ರೀ," ಎಂದು ರೇಗಿ ಅವಳು ಅಡುಗೆಮನೆಗೆ ಹೋದಳು. ರೇಗಿದ್ದು ಅವನ ಮೇಲಲ್ಲ ಎಂಬುದು ಅವನಿಗೂ ಗೊತ್ತಿತ್ತು, ಪುಟ ತಿರುವಿದ.

ಭಾನುವಾರ ಅಕ್ಕ ಎಂದಿನಂತೆ ಹತ್ತೂವರೆಗೆ ಬಂದಳು. ಬಸ್ಸಿನವನನ್ನು ಬೈದು ಮುಗಿಸಿ, ನೀರು ಕುಡಿದು, ಬಟ್ಟೆಯಲ್ಲಿ ಸುತ್ತಿದ ಕತ್ತರಿ ಬಿಚ್ಚಿ ಕಿಟಕಿಯ ಬಳಿ ಕೂತಳು. ತಂಗಿಯ ಗಂಡ ಒಂದು ನೆಪ ಹೇಳಿ ಚಪ್ಪಲಿ ಮೆಟ್ಟಿ ಹೊರಗೆ ಹೋದ, ಅವನು ಹೋದ ಅವಸರ ನೋಡಿಯೇ ಅವಳಿಗೆ ಏನೋ ಎಡವಟ್ಟಾಗಿದೆ ಅನ್ನಿಸಿತು. ಕತ್ತರಿ ನಡೆಯತೊಡಗಿತು. ಅವಳು ಅಂಟಿನ ಡಬ್ಬಿ ಹಿಡಿದು ಎದುರು ಕೂತು, ಕಾಗದವನ್ನಲ್ಲ, ಅಕ್ಕನ ಕೈಯನ್ನು ನೋಡಿದಳು. ದಪ್ಪ ಹೆಬ್ಬೆರಳು, ಅದರ ಬುಡದಲ್ಲಿ ಕತ್ತರಿಯ ಬಳೆ ಕೂತು ಕೂತು ಕಪ್ಪಾದ ಗುರುತು. ಅಂಗಡಿಯವಳು ಸರಿಯಾಗಿಯೇ ಹೇಳಿದ್ದಳು. ಕತ್ತರಿ ಗೆರೆಯನ್ನು ಕಂಡೂ ಅದರ ಪಕ್ಕದಲ್ಲೇ, ಗೌರವದ ದೂರ ಇಟ್ಟುಕೊಂಡವರ ಹಾಗೆ, ಒಂದೇ ಸಮನೆ ನಡೆಯುತ್ತಿತ್ತು. ಹೊರಗೆ ಯಾರದೋ ಸೈಕಲ್ಲಿನ ಗಂಟೆ, ಮೇಲಿನ ಮನೆಯಲ್ಲಿ ಕುರ್ಚಿ ಎಳೆದ ಸದ್ದು. ಮಧ್ಯಾಹ್ನದೊಳಗೆ ಅಂಗಡಿಗೆ ಹೇಳಬೇಕು. ಯೋಚಿಸಿ ಆಡಿದ ಮಾತಲ್ಲ ಅದು, ಬಾಯಿಂದ ಜಾರಿತು.

"ಅಕ್ಕಾ, ಗೆರೆ ಮೇಲೇ ಕತ್ತರಿಸೇ."

ಕತ್ತರಿ ನಿಂತಿತು. "ಗೆರೆ ಮೇಲೇ ಬೇಕಾ?"

"ಹೂಂ."

"ಹಂಗಾದ್ರೆ ನಾಳೆ ಸಂಜೆ ನಿಂಗೇನು ಕೆಲಸ?"

ಅವಳು ಅಂಟಿನ ಡಬ್ಬಿ ಕೆಳಗಿಟ್ಟಳು. "ಯಾವ ಕೆಲಸ? ಯಾರು ಹೇಳಿದ್ರು ನಿಂಗೆ? ಇವರಾ?"

"ಅವ್ರು ಹೇಳಿದ್ದು ಮಿಷನ್ ವಿಷಯ ಅಷ್ಟೆ, ನಿನ್ನೆ ಫೋನಲ್ಲಿ. ಇದನ್ನ ಯಾರೂ ಹೇಳ್ಬೇಕಾಗಿರ್ಲಿಲ್ಲ ಪುಟ್ಟಿ." ಅಕ್ಕ ಕತ್ತರಿಯನ್ನು ಮಡಿಲಿನಲ್ಲಿಟ್ಟುಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಗಡಿಯಲ್ಲಿ ಬಟ್ಟೆಯ ಲೆಕ್ಕ ವಿವರಿಸುವಾಗಿನ ದನಿ. "ಹೋದ ವರ್ಷ ಒಂದಿನ ಪೆನ್ಸಿಲ್ ಹುಡುಕೋಕೆ ನಿನ್ನ ಚೀಲಕ್ಕೆ ಕೈ ಹಾಕ್ದೆ. ಕೈ ತುಂಬ ಚೂರು ಬಂತು, ದಾರದ ಹಂಗೆ ಸಣ್ಣ ಸಣ್ಣ ಚೂರು. ನಾನು ಕತ್ತರಿಸಿದ ಅಂಚು ನಂಗೆ ಗೊತ್ತಾಗಲ್ವಾ? ಓಹೋ, ಇವಳಿಗೆ ನನ್ನ ಅಳತೆ ಮೇಲೆ ನಂಬಿಕೆ ಹೋಯ್ತು ಅಂದ್ಕೊಂಡೆ. ಅಂಗಡೀಲೂ ಇರ್ತಿದ್ರು ಅಂಥೋರು, ಅನುಮಾನದ ಗಿರಾಕಿಗಳು. ಎಷ್ಟು ಸರಿಯಾಗಿ ಹೊಲಿದುಕೊಟ್ರೂ ಮನೆಗೆ ಹೋಗಿ ಬಿಚ್ಚಿ ತಾವೇ ಹೊಲ್ಕೊಳ್ಳೋರು. ಅವ್ರ ಜೊತೆ ಜಗಳ ಆಡಬಾರ್ದು, ಒಂದು ನೂಲು ಜಾಸ್ತಿ ಬಿಟ್ಟು ಕೊಡ್ಬೇಕು. ಇಲ್ದಿದ್ರೆ ಬಟ್ಟೆ ಹಾಳಾಗುತ್ತೆ. ನೀನು ಹೆಂಗೂ ಮತ್ತೆ ಕತ್ತರಿಸ್ತೀಯಲ್ಲ, ಅದಕ್ಕೇ ಬಿಟ್ಟೆ."

ಆ ಮೊದಲನೆಯ ಸೋಮವಾರ ಆಗ ನೆನಪಾಯಿತು ಅವಳಿಗೆ, ಇಡೀ ವರ್ಷ ನೆನಪಾಗದೆ ಇದ್ದದ್ದು. ಎಸಳುಗಳಲ್ಲಿ ಯಾವ ತಪ್ಪೂ ಇರಲಿಲ್ಲ. ಯಾವುದೋ ಹರಿದ ಪುಟದ ಅಂಚು ತೆಗೆದು ಮುಗಿಸಿ, ಅದೇ ಕೈಯಲ್ಲಿ, ಅದೇ ಮರವೆಯಲ್ಲಿ, ಪಕ್ಕದಲ್ಲಿದ್ದ ಅಕ್ಕನ ಎಸಳುಗಳ ಅಂಚನ್ನೂ ಸವರಿದ್ದಳು, ಚೂರುಗಳು ಬಾಯಿ ತೆರೆದ ಚೀಲಕ್ಕೆ ಉದುರಿದ್ದನ್ನೂ ಗಮನಿಸಿರಲಿಲ್ಲ. ಅಂಟಿಸಿದ್ದು ಒಣಗಿತು, ಅಂಚು ತೆಗೆ. ಇಪ್ಪತ್ತೆಂಟು ವರ್ಷದ ಅಭ್ಯಾಸ ನೋಡುವುದಿಲ್ಲ, ಕೇಳುವುದಿಲ್ಲ. ಅಯ್ಯೋ ದೇವರೇ! ಮೊದಲು ಕತ್ತರಿಸಿದವಳು ತಾನು. ತಾನು ಸವರಿದ್ದಕ್ಕೆ ಅಕ್ಕ ಹೊರಗೆ ಸರಿದಳು, ಅಕ್ಕ ಸರಿದದ್ದಕ್ಕೆ ತಾನು ಇನ್ನಷ್ಟು ಕತ್ತರಿಸಿದಳು, ಅದಕ್ಕೆ ಅಕ್ಕ ಇನ್ನಷ್ಟು. ಬಾಗಿಲಲ್ಲಿ ನೀವು ಮೊದಲು ನೀವು ಮೊದಲು ಎಂದು ನಿಂತೇ ಬಿಟ್ಟ ಇಬ್ಬರ ಹಾಗೆ ಒಂದು ವರ್ಷ ಕಳೆದಿದ್ದಾರೆ. ಅದರಲ್ಲಿ ಒಬ್ಬಳಿಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ಎರಡು ಬಸ್ಸು ಹತ್ತಿ ಬರುತ್ತಿದ್ದಳು.

"ನೀನು ಸರಿಯಾಗೇ ಕತ್ತರಿಸಿದ್ದೆ ಅಕ್ಕಾ. ಅದು ನನ್ನ ಆಫೀಸಿನ ಚಾಳಿ, ಗೊತ್ತಿಲ್ದೆ ಮಾಡ್ದೆ. ನನ್ನ ಒಂದು ಮಾತು ಕೇಳಬಾರದಾಗಿತ್ತಾ?"

"ಗಿರಾಕಿನ ಕೇಳ್ತಾರೇನೇ?"

"ನಾನು ನಿನ್ನ ಗಿರಾಕಿ ಅಲ್ಲ!" ಎಂದು ಅವಳು ಕೂಗಿಯೇ ಬಿಟ್ಟಳು. ಅಂಟಿನ ಬೆರಳುಗಳಲ್ಲಿ ಕಣ್ಣೊರೆಸಿಕೊಳ್ಳಲು ಹೋಗಿ ರೆಪ್ಪೆಗೆಲ್ಲ ಅಂಟು ಮೆತ್ತಿ, ಐವತ್ತೆರಡು ವರ್ಷದವಳು ಎಳೆಯ ಮಗುವಿನ ಹಾಗೆ ಬಿಕ್ಕಿದಳು. ಅಕ್ಕ ಎದ್ದು ಬರಲಿಲ್ಲ, ಸೆರಗಿನ ತುದಿಯನ್ನು ನೀರಿನ ಲೋಟದಲ್ಲಿ ಅದ್ದಿ ಕೂತಲ್ಲಿಂದಲೇ ಬಗ್ಗಿ ಅವಳ ಕಣ್ಣು ಒರೆಸಿದಳು, ಒರಟಾಗಿ, ಕಿಟಕಿಯ ಗಾಜು ಒರೆಸಿದಂತೆ.

ಅಷ್ಟರಲ್ಲಿ ಫೋನು. ಅಂಗಡಿಯವಳೇ. "ಏನ್ ಮಾಡ್ಲಿ ಮೇಡಂ? ಇನ್ನೊಬ್ರು ಬಂದು ಕೂತಿದಾರೆ." ಅಕ್ಕ ಕೈ ಸನ್ನೆಯಲ್ಲಿ, ತಗೋ, ತಗೋ ಅನ್ನು, ಎಂದಳು. ಅವಳು ಮೂಗೆಳೆದುಕೊಂಡು, "ಅವ್ರಿಗೇ ಕೊಟ್ಬಿಡಿ, ನಂಗೆ ಬೇಡ," ಎಂದು ಇಟ್ಟಳು. ಹಗುರವಾಗುತ್ತದೆ ಅಂದುಕೊಂಡಿದ್ದಳು. ಆಯಿತು ಕೂಡ, ಒಂದೆರಡು ನಿಮಿಷ.

"ದಡ್ಡಿ," ಅಂದಳು ಅಕ್ಕ. ಆದರೆ ಮುಖ ಅರಳಿತ್ತು. "ಗೆರೆ ಮೇಲೆ ತಾನೆ? ಕೊಡಿಲ್ಲಿ ಹೊಸ ಕಾಗದ." ಕುರ್ಚಿಯನ್ನು ಬೆಳಕಿಗೆ ತಿರುಗಿಸಿಕೊಂಡಳು. ಮೊದಲನೆಯ ಎಸಳು ಗೆರೆಯನ್ನು ನುಂಗಿಕೊಂಡು ಬಂದಿತು, ಕೂದಲಷ್ಟೂ ಆಚೀಚೆ ಇಲ್ಲ. ಎರಡನೆಯದು ಹಾಗೆಯೇ. ಮೂರು, ನಾಲ್ಕು. ಅವಳಿಗೆ ಚಪ್ಪಾಳೆ ತಟ್ಟಬೇಕೆನಿಸಿತು. ಐದನೆಯದರ ತಿರುವಿನಲ್ಲಿ ಕತ್ತರಿ ಒಳಗೆ ಜಾರಿತು. ಅಕ್ಕ ಹೆಬ್ಬೆರಳಿನಿಂದ ಆ ಜಾಗ ಮುಚ್ಚಿ, ಇನ್ನೊಂದು ಕಾಗದ ತೆಗೆದುಕೊಂಡಳು. ಅದೂ ಜಾರಿತು. ಮೂರನೆಯ ಕಾಗದಕ್ಕೆ ಹೋಗುವಾಗ ಕೈ ಅದುರುತ್ತಿರುವುದು ಇಬ್ಬರಿಗೂ ಕಾಣುತ್ತಿತ್ತು, ಕಾಣದ ಹಾಗೆ ಕೂರಲು ಈಗ ಇಬ್ಬರಿಗೂ ಬರುತ್ತಿರಲಿಲ್ಲ.

"ಗೆರೆ ಬಿಟ್ಟು ಕತ್ತರಿಸೋವಾಗ ಏನೂ ಗೊತ್ತಾಗ್ತಿರ್ಲಿಲ್ಲ ಕಣೇ," ಅಂದಳು ಅಕ್ಕ, ಮೆಲ್ಲಗೆ. "ಹೊರಗಡೆ ಜಾಗ ಇರುತ್ತಲ್ಲ, ಸ್ವಲ್ಪ ನಡುಗಿದ್ರೂ ಸರಿ ಮಾಡ್ಕೋಬಹುದು. ಗೆರೆ ಮೇಲೆ ಅಂದ್ರೆ..." ಹೆಬ್ಬೆರಳನ್ನು ಎತ್ತಿ, ಬೇರೆ ಯಾರದೋ ಎಂಬಂತೆ ಅದನ್ನು ನೋಡಿಕೊಂಡಳು. "ಯಾವಾಗಿಂದ ಹಿಂಗಾಗಿದ್ಯೋ. ನಿನಗೋಸ್ಕರ ಬಿಡ್ತಿದ್ದೀನಿ ಅಂತಾನೇ ಅಂದ್ಕೊಂಡಿದ್ದೆ ನಾನು." ಆಮೇಲೆ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತತೊಡಗಿದಳು. "ಫೋನ್ ಮಾಡು. ಇನ್ನೂ ಕೊಟ್ಟಿರಲ್ಲ ಅವಳು. ಓಡಿಹೋದ್ರೆ ಸಿಗುತ್ತೆ."

ಅವಳು ಏಳಲಿಲ್ಲ. ಏಳಬೇಕು ಎಂದು ಒಂದು ಮನಸ್ಸು ಹೇಳಿತು, ಹೇಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಕ್ಕನ ಕೈಯಿಂದ ಕತ್ತರಿ ತೆಗೆದುಕೊಂಡಳು. ಅಷ್ಟು ಭಾರವಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ, ಇಷ್ಟು ವರ್ಷದಲ್ಲಿ ಒಮ್ಮೆಯೂ ಅದನ್ನು ಹಿಡಿದಿರಲಿಲ್ಲ. ಜಾರಿದ ಐದನೆಯ ಎಸಳನ್ನು ಮೇಜಿನ ನಡುವೆ ಇಟ್ಟಳು. ಸರಿಯಾಗಿ ಬಂದಿದ್ದ ನಾಲ್ಕನ್ನೂ ಒಂದೊಂದಾಗಿ ಅದರ ಕೆಳಗಿಟ್ಟು, ಅಕ್ಕ ನೋಡುತ್ತಿದ್ದ ಹಾಗೆಯೇ, ಅದರ ಅಳತೆಗೆ ಕತ್ತರಿಸಿದಳು. ಚೂರುಗಳು ನೆಲಕ್ಕೆ ಉದುರಿದವು, ಹೆಕ್ಕಲಿಲ್ಲ. ಐದನ್ನೂ ಬಾಗಿಸಿ ಒಂದರೊಳಗೊಂದು ಕೂರಿಸಿ ಅಂಟಿಸಿದಳು.

"ಹೂವು ಚಿಕ್ಕದಾಯ್ತಲ್ಲೇ," ಅಂದಳು ಅಕ್ಕ.

"ಆಗ್ಲಿ ಬಿಡು."

"ಮುಂದಿನ ವಾರ ಇನ್ನೂ ಚಿಕ್ಕದಾಗುತ್ತೆ."

"ಗೊತ್ತು," ಅಂದಳು ಅವಳು. "ನೀನು ಬಾ."